ಕರಿ ಕಾರು, ಹಸಿರು ಜೀಪು ಮತ್ತು ನಮ್ಮ ವಿಮಲಾ

ಹೆಂಗಸರ ಕಷ್ಟಗಳಲ್ಲಿ ಹೇಳಿಕೊಳ್ಳಬಹುದಾದವು ಕೆಲವು, ಹೇಳಿಕೊಂಡರೆ ನಗೆಪಾಟಲಾಗುವವು ಕೆಲವು. ಗಂಡ ಕುಡಿಯುತ್ತಾನೆ ಎಂದರೆ ನೆರೆಮನೆಯವರು ಬಾಯಿಗೆ ಸೆರಗು ಹಿಡಿದು ‘ಅಯ್ಯೋ ಪಾಪ’ ಎನ್ನುತ್ತಾರೆ. ಇಸ್ಪೀಟು ಆಡುತ್ತಾನೆ ಎಂದರೆ ಯಾವುದಾದರೂ ವ್ರತ ಹೇಳಿಕೊಡುತ್ತಾರೆ. ಅತ್ತೆ ಕಾಡುತ್ತಾಳೆ ಎಂದರಂತೂ ಕೇಳುವವರು ತಮ್ಮ ಅತ್ತೆಯ ಕಥೆ ಶುರು ಮಾಡಿ ನಮ್ಮದನ್ನು ಮರೆಸಿಯೇ ಬಿಡುತ್ತಾರೆ. ಅದೂ ಒಂದು ಸಮಾಧಾನವೇ. ಆದರೆ ‘ನಮ್ಮ ಮನೆಯವರು ಒಂದು ಕಾರು ಇಟ್ಟುಕೊಂಡಿದ್ದಾರೆ, ನನ್ನ ತಮ್ಮ ಒಂದು ಜೀಪು ಇಟ್ಟುಕೊಂಡಿದ್ದಾನೆ, ಅದರಿಂದ ನನ್ನ ಹೊಟ್ಟೆ ಉರಿಯುತ್ತದೆ’ ಎಂದು ಯಾರಿಗಾದರೂ ಹೇಳಿ ನೋಡಿ. ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಜನ ಸೀಟು ಹಿಡಿಯುತ್ತಿದ್ದ ಕಾಲದಲ್ಲಿ, ಸೇಡಂನಂಥ ಊರಿನಲ್ಲಿ, ನಾನು ಒಮ್ಮೆ ಹೇಳಿ ನೋಡಿದೆ. ಹಿಂದಿನ ಮನೆಯ ಮಾಸ್ತರರ ಹೆಂಡತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ನಿಮಗ ಭಾಳ ಸುಖ ಆಗ್ಯದ ಬಿಡ್ರಿ ವಕೀಲ ಬಾಯಿ, ಅದಕ್ಕ ಹಿಂಗ ಆಗ್ಲಿಕತ್ತದ” ಎಂದು ಕೊಡ ಎತ್ತಿಕೊಂಡು ಹೋದಳು. ಅಂದಿನಿಂದ ಸುಮ್ಮನಿದ್ದೆ. ಈಗ ಹಲ್ಲು ಉದುರಿ, ಹೇಳಿದರೂ ಯಾರೂ ಹೊಟ್ಟೆಕಿಚ್ಚುಪಡದ ವಯಸ್ಸಾಗಿದೆ. ಆದ್ದರಿಂದ ಹೇಳುತ್ತೇನೆ.

ಆಗ ನಮ್ಮದು ಇನ್ನೂ ಮೈಸೂರು ರಾಜ್ಯ. ಚಿತ್ತಾಪುರದ ಕಡೆಯ ಒಬ್ಬ ಹಳೆಯ ಜಾಗೀರದಾರರು ತೀರಿಕೊಂಡು, ಅವರ ಮಕ್ಕಳೆಲ್ಲ ಹೈದರಾಬಾದಿಗೆ ಹೋಗುವವರಿದ್ದರು. ಮನೆಯ ಸಾಮಾನು ಮಾರುತ್ತಿದ್ದಾರೆ ಎಂದು ಸುದ್ದಿ ಬಂತು. ನನಗೆ ಒಂದು ಸಾಗವಾನಿ ಮಂಚದ ಆಸೆ. ನಮ್ಮ ಮನೆಯವರಿಗೆ ಕೋರ್ಟಿಗೆ ರಜೆ. ಸುಲೇಪೇಟದಿಂದ ನನ್ನ ತಮ್ಮ ರಾಘುವೂ ಬಂದಿದ್ದ. ಅವನಿಗೆ ಅಲ್ಲಿ ಒಂದಿಷ್ಟು ಹೊಲ, ಒಂದು ಕಾಳಿನ ಅಡತಿ ಅಂಗಡಿ. ಭಾವ ಮೈದುನರಿಬ್ಬರೂ ಆಗ ಎಷ್ಟು ಅನ್ಯೋನ್ಯವಾಗಿದ್ದರೆಂದರೆ, ಒಬ್ಬರ ಎಲೆಯಡಿಕೆ ಚಂಚಿಯಿಂದ ಇನ್ನೊಬ್ಬರು ಕೇಳದೆ ಅಡಿಕೆ ತೆಗೆದುಕೊಳ್ಳುತ್ತಿದ್ದರು. ಮೂವರೂ ಮಂಚ ನೋಡಲು ಹೋದೆವು. ಅವರಿಬ್ಬರು ಹಿಂದಿನ ಶೆಡ್ಡಿನ ಕಡೆ ಹೋದವರು ಮರಳಿ ಬರಲೇ ಇಲ್ಲ.

ಶೆಡ್ಡಿನಲ್ಲಿ ಎರಡು ಮೋಟಾರುಗಳಿದ್ದವು. ಒಂದು ಉದ್ದನೆಯ ಕರಿ ಕಾರು, ವಿಲಾಯತಿಯದು. ಗುಂಡನೆಯ ಮೈ, ಚರ್ಮದ ಸೀಟು, ಕಿಟಕಿಗೆ ರೇಷ್ಮೆಯ ಪರದೆ. ಇನ್ನೊಂದು ಹಸಿರು ಜೀಪು, ಮಿಲಿಟರಿಯವರ ಹರಾಜಿನಲ್ಲಿ ಕೊಂಡದ್ದು. ಬಾಗಿಲಿಲ್ಲ, ಮೇಲೆ ತಾಡಪತ್ರಿ, ಹಿಂದೆ ಎದುರುಬದುರು ಎರಡು ಬೆಂಚು. ಎರಡಕ್ಕೂ ಆಗಲೇ ಅರ್ಧ ಆಯುಷ್ಯ ಮುಗಿದಿತ್ತು. ನಮ್ಮ ಮನೆಯವರು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಪರದೆ ಸರಿಸಿ ಹೊರಗೆ ನೋಡಿದರಂತೆ. ರಾಘು ಜೀಪಿನ ಸ್ಟೇರಿಂಗ್ ಹಿಡಿದು ಬಾಯಲ್ಲೇ ‘ಡುರ್ರ್’ ಎಂದನಂತೆ. ಅಷ್ಟೇ. ಒಳಗೆ ನಾನು ಜಾಗೀರದಾರರ ಹೆಂಡತಿ ಬೇಗಂ ಸಾಹೇಬರ ಹತ್ತಿರ ಕೂತಿದ್ದೆ. ಮುದುಕಿ ಒಳ್ಳೆಯ ಹೆಂಗಸು, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಹೇಳಿದರು: “ಬೇಟಿ, ನಮ್ಮ ಸಾಹೇಬರು ಎರಡು ಗಾಡಿ ಶೌಕಿಗಿ ಇಟ್ಟಿದ್ದಿಲ್ಲ. ಒಂದು ಕೆಟ್ಟ ದಿನ ಇನ್ನೊಂದು ಬೇಕಾಗ್ತಿತ್ತು. ನಿಮ್ಮವರು ಒಂದೊಂದು ಒಯ್ಲಿಕತ್ಯಾರ. ಸಂಭಾಳಿಸ್ಕೊಂಡು ಹೋಗ್ರಿ.” ಮಂಚ ಯಾರೋ ವಾಡಿಯ ರೈಲ್ವೆಯವರು ಒಯ್ದರು. ನಾನು ಇವತ್ತಿಗೂ ಕಬ್ಬಿಣದ ಮಂಚದ ಮೇಲೆಯೇ ಮಲಗುತ್ತೇನೆ.

ಹೋಗುವಾಗ ಅನ್ಯೋನ್ಯವಾಗಿದ್ದ ಭಾವ ಮೈದುನರು ಬರುವಾಗ ಬೇರೆ ಬೇರೆ ಗಾಡಿಯಲ್ಲಿ ಬಂದರು. ಸೇಡಂ ಮುಟ್ಟುವುದರೊಳಗೆ ಅವರ ನಡುವೆ ಏನೋ ಆಗಿಹೋಗಿತ್ತು. ಅಂಗಳದಲ್ಲಿ ಇಳಿದ ಕೂಡಲೇ ರಾಘು, “ಭಾವಾ, ನಿಮ್ದು ಏರಿ ಹತ್ತುವಾಗ ಭಾಳ ಏದುಸಿರು ಬಿಡ್ಲಿಕತ್ತಿತ್ತಲ್ರಿ” ಎಂದ. ನಮ್ಮ ಮನೆಯವರು ಕೋಟಿನ ಧೂಳು ಕೊಡವಿಕೊಂಡು, “ನಿಂದು ಗಾಡಿ ಎಲ್ಲದ ಅಂತ ನನಗ ಕಣ್ಣಿಲೆ ನೋಡೋದು ಬೇಕಾಗ್ಲಿಲ್ಲ ರಾಘು, ಮೂರು ಹಳ್ಳಿ ಆಚಿಂದಲೇ ಕೇಳಿಸ್ತಿತ್ತು” ಎಂದರು. ಇಬ್ಬರೂ ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ಅಲ್ಲಿಂದ ಶುರುವಾದ ಹೋಲಿಕೆ ನಿಲ್ಲಲಿಲ್ಲ. ನಮ್ಮ ಮನೆಯವರ ವಾದ ಕೋರ್ಟಿನ ವಾದದಂತೆ ಕ್ರಮವಾಗಿರುತ್ತಿತ್ತು. ಕಾರು ಎಂದರೆ ಬಾಗಿಲು ಇರಬೇಕು, ಬಾಗಿಲಿಲ್ಲದ್ದು ಬಂಡಿ. ಕಾರಿನಲ್ಲಿ ಮನುಷ್ಯರು ಕೂಡುತ್ತಾರೆ, ಜೀಪಿನಲ್ಲಿ ಚೀಲ ಕೂಡುತ್ತವೆ. ಕಾರಿನಿಂದ ಇಳಿದವನಿಗೆ ಮುನಸೀಫರು ನಮಸ್ಕಾರ ಹೇಳುತ್ತಾರೆ, ಜೀಪಿನಿಂದ ಇಳಿದವನಿಗೆ ‘ಯಾರ ಡ್ರೈವರ್?’ ಎಂದು ಕೇಳುತ್ತಾರೆ. ರಾಘುವಿನದು ಒಂದೇ ವಾದ, ಆದರೆ ಅದನ್ನು ಅವನು ಗುದ್ದಲಿಯಿಂದ ಹೊಡೆದ ಹಾಗೆ ಹೊಡೆಯುತ್ತಿದ್ದ. “ನಿಮ್ಮ ಕಾರು ರಸ್ತಾ ಇದ್ದಲ್ಲಿ ಹೋಗ್ತದ್ರಿ ಭಾವಾ, ನನ್ನ ಜೀಪು ನಾ ಹೇಳಿದಲ್ಲಿ ಹೋಗ್ತದ.” ಸುಲೇಪೇಟಕ್ಕೆ ನಾನು ತವರಿಗೆ ಹೋದರೆ ನನ್ನ ತಮ್ಮ ‘ಹ್ಯಾಂಗಿದ್ದಿ ಅಕ್ಕಾ’ ಎನ್ನುವ ಮೊದಲು ‘ಕಾರು ಎಲ್ಲೆಲ್ಲಿ ನಿಂತಿತು?’ ಎಂದು ಕೇಳುತ್ತಿದ್ದ. ಮರಳಿ ಬಂದರೆ ನಮ್ಮ ಮನೆಯವರು ‘ಅವ್ವ ಹ್ಯಾಂಗಿದ್ದಾರ’ ಎನ್ನುವ ಮೊದಲು ‘ಅದರ ತಾಡಪತ್ರಿ ಹರದದಂತಲ್ಲ, ಖರೇನ?’ ಎಂದು ಕೇಳುತ್ತಿದ್ದರು.

ಇನ್ನು ಆ ಎರಡರಲ್ಲೂ ಕೂತು ನುಗ್ಗಾದವಳು ನಾನು. ಕಾರಿನ ಹಿಂದಿನ ಬಾಗಿಲಿಗೆ ಒಳಗಿನಿಂದ ತೆಗೆಯುವ ಹಿಡಿಕೆ ಇತ್ತು, ಆದರೆ ಅದು ತಿರುಗುತ್ತಿತ್ತೇ ಹೊರತು ಬಾಗಿಲು ತೆಗೆಯುತ್ತಿರಲಿಲ್ಲ. ಯಾರಾದರೂ ಹೊರಗಿನಿಂದ ಬಂದು ಬಿಡುಗಡೆ ಮಾಡಬೇಕು. ನಮ್ಮ ಮನೆಯವರು ಇಳಿದು, ಟೊಪ್ಪಿಗೆ ಸರಿ ಮಾಡಿಕೊಂಡು, ಎದುರು ಸಿಕ್ಕವರ ನಮಸ್ಕಾರ ಸ್ವೀಕರಿಸಿ, ಆಮೇಲೆ ಹೆಂಡತಿಯೊಬ್ಬಳು ಒಳಗಿದ್ದಾಳೆಂದು ನೆನಪಾಗಿ ಬಾಗಿಲು ತೆಗೆಯುವ ಹೊತ್ತಿಗೆ ನಾನು ಬೆಂದ ಗೆಣಸಾಗಿರುತ್ತಿದ್ದೆ. ಜೀಪಿನದು ಇದಕ್ಕೆ ತಿರುವು ಮುರುವು. ಅದರಿಂದ ಇಳಿಯುವುದು ಸುಲಭ, ಉಳಿಯುವುದೇ ಕಷ್ಟ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಸೆರಗು, ಮಗುವಿದ್ದರೆ ಅದನ್ನು ಹಲ್ಲಿನಲ್ಲಿ ಹಿಡಿಯಬೇಕು. ಶಹಾಬಾದಿನ ಕಡೆ ಹೋಗಿ ಬಂದೆವೆಂದರೆ ಫರಸಿ ಕಲ್ಲಿನ ಧೂಳೆಲ್ಲ ತಲೆಗೆ ಮೆತ್ತಿ, ಹೋಗುವಾಗ ಕರಿಕೂದಲಿನ ಹೆಂಗಸು ಬರುವಾಗ ಮುದುಕಿಯಾಗಿರುತ್ತಿದ್ದೆ. ಇದೆಲ್ಲ ನಾನು ಸಹಿಸಿಕೊಂಡೆ. ಇದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ವಿಮಲಾಳ ವಿಷಯದ್ದು.

ವಿಮಲಾ ನನ್ನ ನಾದಿನಿ, ನಮ್ಮ ಮನೆಯವರ ಒಬ್ಬಳೇ ತಂಗಿ. ಅತ್ತೆ ಮಾವ ಇಬ್ಬರೂ ಬೇಗ ತೀರಿಕೊಂಡದ್ದರಿಂದ ನನ್ನ ಕೈಯಲ್ಲೇ ಬೆಳೆದವಳು. ಮಾತು ಕಡಿಮೆ, ಓದು ಹೆಚ್ಚು. ಮಾಸ್ತರಿಕೆಯ ತರಬೇತಿ ಮುಗಿಸಿ ಮನೆಯಲ್ಲಿದ್ದಳು. ಜಾತಕದಲ್ಲಿ ಕುಜ ಎಲ್ಲಿ ಕೂಡಬಾರದಿತ್ತೋ ಅಲ್ಲೇ ಕೂತಿದ್ದ. ಬಂದ ಸಂಬಂಧಗಳೆಲ್ಲ ಜಾತಕ ನೋಡಿ ನೀರು ಕುಡಿದು ಹೋಗುತ್ತಿದ್ದವು. ಹೀಗಿರುವಾಗ ರಾಯಚೂರಿನ ಒಂದು ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಗಣಿತ ಕಲಿಸುತ್ತಾನೆ, ಅವನಿಗೂ ಅದೇ ಕುಜ, ಅದೇ ಜಾಗ. ಫೋಟೋ ನೋಡಿ ಒಪ್ಪಿದ್ದರು. ವೈಶಾಖದಲ್ಲಿ ಹುಡುಗ, ಅವನ ತಂದೆ, ತಾಯಿ ಮೂವರೂ ಹೆಣ್ಣು ನೋಡಲು ಬರುವುದೆಂದಾಯಿತು. ರಾಯಚೂರಿನಿಂದ ವಾಡಿಗೆ ಬಂದು, ಅಲ್ಲಿ ಹೈದರಾಬಾದಿನ ಕಡೆಯ ಪ್ಯಾಸೆಂಜರ್ ಹಿಡಿದು ಸೇಡಂನಲ್ಲಿ ಇಳಿಯುತ್ತೇವೆ ಎಂದು ಹೇಳಿ ಕಳಿಸಿದ್ದರು. ಇದನ್ನು ಓದುಗರು ದಯವಿಟ್ಟು ಗಮನಿಸಬೇಕು. ವಾಡಿಯಿಂದ ಸೇಡಂಗೆ ರೈಲು ಇತ್ತು. ಸ್ಟೇಶನ್ನಿನಿಂದ ನಮ್ಮ ಮನೆಗೆ ಟಾಂಗಾ ಇತ್ತು. ದೇವರು ಎಲ್ಲ ಅನುಕೂಲ ಮಾಡಿಟ್ಟಿದ್ದ.

“ಛೆ ಛೆ, ಬೀಗರಾಗೋವ್ರು ಪ್ಯಾಸೆಂಜರ್‌ನ್ಯಾಗ ಬರೋದ? ಕಾರು ಎದಕ್ಕ ಅದ ಮತ್ತ?” ಎಂದರು ನಮ್ಮ ಮನೆಯವರು. ವಾಡಿಯಿಂದಲೇ ಕಾರಿನಲ್ಲಿ ಕರೆತರುವುದು, ದಾರಿಯಲ್ಲಿ ಮಳಖೇಡದ ಮಠದಲ್ಲಿ ಗುರುಗಳ ವೃಂದಾವನದ ದರ್ಶನ ಮಾಡಿಸುವುದು, ಹೆಂಗಸರನ್ನು ಬರಮಾಡಿಕೊಳ್ಳಲು ನಾನೂ ಜೊತೆಗೆ ಬರುವುದು ಎಂದು ನಿಶ್ಚಯಿಸಿದರು. ನಾನು ರೈಲಿನ ಮಾತು ಎತ್ತಿದೆ. ನನ್ನ ಮಾತು ಗಾಳಿಗೆ ಹೋಯಿತು. ಅದು ಹೇಗೋ ಸುಲೇಪೇಟಕ್ಕೂ ಸುದ್ದಿ ಮುಟ್ಟಿ, ಆ ದಿನ ಮುಂಜಾನೆ ನಾವು ಹೊರಡುವ ಹೊತ್ತಿಗೆ ರಾಘು ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದ. “ಬಿಸಲು ಭಾಳ ಅದ ಭಾವಾ. ನಿಮ್ದು ಕಾಯ್ದು ನಿಂತ್ರ ಹಿಂದ ಒಂದು ಗಾಡಿ ಇರ್ಲಿ ಅಂತ ಬಂದೀನಿ” ಎಂದ. ನಮ್ಮ ಮನೆಯವರ ಮುಖ ನೋಡಬೇಕಿತ್ತು. ಒಳಗೆ ವಿಮಲಾ ಹಸಿರು ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. “ವೈನಿ, ಜಲ್ದಿ ಬರ್ರಿ. ನನಗ ಒಬ್ಬಾಕಿಗೆ ಅಂಜಿಕಿ ಬರ್ತದ” ಎಂದಳು. ಎಂದೂ ಹಾಗೆ ಹೇಳಿದವಳಲ್ಲ.

ವಾಡಿಯಲ್ಲಿ ರಾಯಚೂರಿನವರು ಇಳಿದರು. ತಂದೆ ನಿವೃತ್ತ ತಹಶೀಲದಾರರು, ಕೋಲು ಹಿಡಿದಿದ್ದರೂ ನೆಟ್ಟಗೆ ನಡೆಯುವವರು. ತಾಯಿ ಭಾರಿ ಮಡಿಯವರು. ಕೃಷ್ಣೆಯ ನೀರಿನದೊಂದು ಮುಚ್ಚಳದ ತಾಮ್ರದ ತಂಬಿಗೆ ಕೈಯಲ್ಲೇ ಇತ್ತು, ಮರಳಿ ಮನೆ ಸೇರುವತನಕ ಆ ನೀರು ಬಿಟ್ಟು ಬೇರೆ ಮುಟ್ಟುವುದಿಲ್ಲವೆಂಬ ನೇಮ. ಹುಡುಗ ಕನ್ನಡಕದವನು, ಎತ್ತರ, ನಾಚಿಕೆ ಸ್ವಭಾವದವನು. ನಾನು ಕುಂಕುಮ ಕೊಡುತ್ತಿದ್ದ ಹಾಗೆಯೇ ಹಿಂದೆ ಭಾವ ಮೈದುನರ ಜಗಳ ಶುರುವಾಯಿತು. “ಎಲ್ಲಾರೂ ಕಾರಿನ್ಯಾಗ ಕುಂದ್ರಿ” ಎಂದು ಇವರು, “ಅಷ್ಟು ಮಂದಿ ಕೂತ್ರ ಏರಿ ಹತ್ತಂಗಿಲ್ರಿ ಅದು, ಈ ಕಡೆ ಬರ್ರಿ” ಎಂದು ಅವನು. ಮನೆಗೆ ಬಂದ ಬೀಗರನ್ನು ಬಸ್‌ಸ್ಟ್ಯಾಂಡಿನ ಏಜೆಂಟರು ಎಳೆದಾಡುವ ಹಾಗೆ ಇಬ್ಬರೂ ಎಳೆದಾಡಿದರು. ಕಡೆಗೆ ತಂದೆ ಮಗ ಜೀಪಿಗೆ, ತಾಯಿ ನನ್ನ ಜೊತೆ ಕಾರಿಗೆ ಎಂದು ಹಂಚಿಕೆಯಾಯಿತು. ತಹಶೀಲದಾರರು ಜೀಪಿನಲ್ಲಿ ಕೂತು, “ನಮ್ಮ ಸರ್ವಿಸಿನ್ಯಾಗ ಜೀಪು ಭಾಳ ತಿರುಗೀವಿ” ಎಂದದ್ದನ್ನು ರಾಘು ಸರ್ಟಿಫಿಕೇಟು ಸಿಕ್ಕವನಂತೆ ಭಾವನ ಕಡೆ ನೋಡುತ್ತ ಕೇಳಿಸಿಕೊಂಡ.

ಚಿತ್ತಾಪುರದವರೆಗೆ ಎಲ್ಲ ನೆಟ್ಟಗಿತ್ತು. ಹುಡುಗನ ತಾಯಿ ನನ್ನ ಕೂಡ ವಿಮಲಾಳ ಅಡುಗೆ, ಹಾಡು, ಮಡಿ ಎಲ್ಲ ವಿಚಾರಿಸಿದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವರ ಮುಖ ಮೆತ್ತಗಾಗುತ್ತ ಬಂದಿತ್ತು. ಊರು ದಾಟಿದ ಮೇಲೆ ಹಿಂದಿದ್ದ ಜೀಪು ಹಾರ್ನು ಬಾರಿಸುತ್ತ ನಮ್ಮನ್ನು ದಾಟಿ ಮುಂದೆ ಹೋಯಿತು. ದಾಟಿದರೆ ದಾಟಲಿ, ಆದರೆ ಅದು ಎಬ್ಬಿಸಿದ ಧೂಳು ಇಡಿಯಾಗಿ ಕಾರಿನೊಳಗೆ ಬಂತು. ಕಿಟಕಿಯ ಗಾಜು ಏರಿಸಲು ಹೋದರೆ ಒಂದು ಏರಿತು, ಒಂದು ಏರಲಿಲ್ಲ. ಆಕೆ ಸೆರಗಿನಿಂದ ತಂಬಿಗೆ ಮುಚ್ಚಿಕೊಂಡು ಕೆಮ್ಮಿದರು. ನಮ್ಮ ಮನೆಯವರ ಕಿವಿ ಕೆಂಪಾದವು. ಅವರು ಬೀಗರನ್ನೂ ಮರೆತರು, ತಂಗಿಯನ್ನೂ ಮರೆತರು. ಕಾರಿಗೆ ಆ ವಯಸ್ಸಿನಲ್ಲಿ ಮಾಡಬಾರದ ಕೆಲಸ ಮಾಡಿಸಲು ಹೊರಟರು. ಸ್ವಲ್ಪ ದೂರ ಅದು ಓಡಿತು, ಆಮೇಲೆ ಒರಲಿತು, ಆಮೇಲೆ ಬಾನೆಟ್ಟಿನಿಂದ ಬಿಳಿ ಹಬೆ ಎದ್ದು, ಒಂದು ಜಾಲಿ ಗಿಡದ ಪಕ್ಕ ನಿಂತುಬಿಟ್ಟಿತು. ಎರಡೂ ಕಡೆ ಒಡೆದು ಬಾಯಿಬಿಟ್ಟ ಎರೆಹೊಲ. ಜಾಲಿಯ ನೆರಳು ಎಂದರೆ ಜರಡಿ ಹಿಡಿದ ಹಾಗೆ.

ನಮ್ಮ ಮನೆಯವರು ಇಳಿದು ಬಾನೆಟ್ ಎತ್ತಿದರು. ಆಕೆ ಬಾಗಿಲ ಹಿಡಿಕೆ ತಿರುಗಿಸಿದರು, ಮತ್ತೆ ತಿರುಗಿಸಿದರು. “ಇದು ಯಾಕ ತಗೀವಲ್ಲದ್ರಿ? ನನಗ ಹೊಟ್ಟಿ ತೊಳಸ್ಲಿಕತ್ತದ” ಎಂದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ, “ಅಲ್ರೀ, ಬಾಗಲಾ ತಗೀರಿ!” ಅಷ್ಟರಲ್ಲಿ ಜೀಪು ತಿರುಗಿ ಬಂದಿತ್ತು. ಇಬ್ಬರೂ ಬಾನೆಟ್ಟಿನ ಮುಂದೆ ನಿಂತು ಕೈ ತಿರುವಿ ಜಗಳ ಮಾಡುತ್ತಿದ್ದರು. “ನೀ ಧೂಳ ಎಬ್ಬಿಸಿದ್ದಕ್ಕ ಹಿಂಗಾತು.” “ಧೂಳಿಗಿ ನೀರು ಕಾಯ್ತದೇನ್ರಿ ಭಾವಾ?” ಕಡೆಗೆ ಬಂದು ಬಾಗಿಲು ತೆಗೆದವನು ಹುಡುಗ. ತಾಯಿ ಇಳಿದು ಗಿಡದ ಕಡೆ ಹೋದರು. ನಾನು ಅವರ ಬೆನ್ನು ತಿಕ್ಕುತ್ತ ನಿಂತೆ. ತಂಬಿಗೆ ಸೀಟಿನ ಮೇಲೆಯೇ ಉಳಿದಿತ್ತು.

ಆಕೆ ಅಲ್ಲೇ ಕಲ್ಲಿನ ಮೇಲೆ ಕೂತಾಗ ಹುಡುಗ ನನ್ನ ಹತ್ತಿರ ಬಂದ. ಏನೋ ಕೇಳಬೇಕೆಂದು ಬಾಯಿ ತೆರೆದು ಕನ್ನಡಕ ಒರೆಸಿದ. ಮತ್ತೆ ಹಾಕಿಕೊಂಡು ಕೇಳಿದ: “ಅವ್ರಿಗೆ ಮುಂದ ಸಾಲಿ ಕಲಿಸೋದು ಮನಸ್ಸದ ಏನ್ರಿ? ಇದ್ರ ನಂದೇನು ಅಡ್ಡಿ ಇಲ್ಲ. ರಾಯಚೂರಾಗ ಹೆಣ್ಣುಮಕ್ಕಳ ಸಾಲಿ ಛಲೋ ಅವ.” ಆ ಕಾಲದಲ್ಲಿ, ನಮ್ಮ ಜನದಲ್ಲಿ, ಹೆಣ್ಣು ನೋಡಲು ಬಂದ ಹುಡುಗ ಇಂಥ ಮಾತು ಕೇಳಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಬಹಳ ವರ್ಷ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬಂತು. “ಆಕಿಗೆ ಅದೇ ಜೀವಾ ರೀ” ಎಂದೆ. ಅವನು ನಕ್ಕ. ಇವರಿಬ್ಬರ ಮದುವೆ ಆಗಿಯೇ ಹೋಯಿತು ಎಂದು ನಾನು ಮನಸ್ಸಿನಲ್ಲಿ ಚಪ್ಪರ ಹಾಕಿಬಿಟ್ಟೆ.

ಆಗ ಕಾರಿನ ಕಡೆಯಿಂದ ‘ಸುಂಯ್’ ಎಂದು ಸಪ್ಪಳ ಕೇಳಿತು. ತಿರುಗಿ ನೋಡಿದರೆ ನಮ್ಮ ಮನೆಯವರು ಆ ತಾಮ್ರದ ತಂಬಿಗೆಯನ್ನು ಬೋರಲು ಹಿಡಿದು, ಕೃಷ್ಣೆಯನ್ನು ರೇಡಿಯೇಟರಿಗೆ ಸುರಿಯುತ್ತಿದ್ದರು.

ಆಕೆ ಎದ್ದು ನಿಂತರು, ಖಾಲಿ ತಂಬಿಗೆಯನ್ನು ನೋಡಿದರು, ಮತ್ತೆ ಕೂತರು. “ನೀರು ಬೇಕಾಗಿತ್ರಿ” ಎಂದರು ನಮ್ಮ ಮನೆಯವರು, ಬಹಳ ಸಹಜವಾಗಿ. ಅವರಿಗೆ ಆ ನೇಮದ ವಿಷಯ ಗೊತ್ತಿರಲಿಲ್ಲ ನಿಜ. ಆದರೆ ಗೊತ್ತಿದ್ದರೂ ಸುರಿಯುತ್ತಿರಲಿಲ್ಲ ಎಂದು ನಾನು ಯಾವ ದೇವರ ಮುಂದೂ ಪ್ರಮಾಣ ಮಾಡಲಾರೆ. ಇಂಜಿನ್ನು ಆರುವ ತನಕ ಕಾಯಬೇಕಿತ್ತು. ತಹಶೀಲದಾರರು ಹೆಂಡತಿಯನ್ನು ಸಮಾಧಾನ ಮಾಡಿ, “ಮಳಖೇಡಕ್ಕ ಹೋದ್ರ ಹೊಳಿ ನೀರು ಸಿಗ್ತದ. ಜೀಪಿನ್ಯಾಗ ಹೋಗೋಣು ನಡಿ” ಎಂದರು. ಕಾರಿನ ಹತ್ತಿರ ನಮ್ಮ ಮನೆಯವರೊಬ್ಬರನ್ನೇ ಬಿಟ್ಟು ಎಲ್ಲರೂ ಜೀಪು ಹತ್ತಿದೆವು. ರಾಘುವಿನ ಮುಖ ಗೆದ್ದವನ ಮುಖ. ಇಷ್ಟಕ್ಕೇ ಅವನು ಸುಮ್ಮನಿದ್ದು ರಸ್ತೆಯ ಮೇಲೆ ಮೆಲ್ಲಗೆ ಹೋಗಿದ್ದರೆ ವಿಮಲಾ ಇವತ್ತು ರಾಯಚೂರಿನಲ್ಲಿ ಮೊಮ್ಮಕ್ಕಳ ಕೂಡ ಇರುತ್ತಿದ್ದಳೇನೋ. ಆದರೆ ಗೆದ್ದವನಿಗೆ ಗೆದ್ದದ್ದು ಸಾಲುವುದಿಲ್ಲ. “ರಸ್ತಾ ಸುತ್ತ ಆಗ್ತದ್ರಿ. ಹೊಲದಾಗಿಂದ ಹಾದ್ರ ಜಲ್ದಿ ಮುಟ್ತೀವಿ. ಈ ಗಾಡಿ ಎಲ್ಲಿ ಬೇಕಾದಲ್ಲಿ ಹೋಗ್ತದ, ತೋರಸ್ತೀನಿ ನೋಡ್ರಿ” ಎಂದವನೇ ಬದು ಹಾರಿಸಿ ಎರೆಹೊಲಕ್ಕೆ ಇಳಿಸಿದ. “ರಾಘೂ, ಬ್ಯಾಡೋ!” ಎಂದು ನಾನು ಕಿರುಚಿದ್ದು ತಾಡಪತ್ರಿಯ ಬಡಿತದಲ್ಲಿ ಕೇಳಲಿಲ್ಲ.

ಒಣಗಿ ಬಿರಿದ ಎರೆಹೊಲದಲ್ಲಿ ಜೀಪಿನ ಹಿಂದಿನ ಬೆಂಚಿನ ಮೇಲೆ ಕೂತವರ ಕಥೆ ಕೇಳಬೇಡಿ. ಆಕೆ ಒಮ್ಮೆ ಕಂಬಿಗೆ, ಒಮ್ಮೆ ನನಗೆ, ಒಮ್ಮೆ ತಾಡಪತ್ರಿಗೆ ಬಡಿದುಕೊಳ್ಳುತ್ತ, ರಾಯರ ಹೆಸರನ್ನು ತುಂಡು ತುಂಡಾಗಿ ಹೇಳುತ್ತ ಬಂದರು. ಹೊಲ ದಾಟಿ ಒಂದು ಒಣ ಹಳ್ಳ. ಅದರೊಳಗೆ ಜೀಪು ಧುಮುಕಿತು, ಮರಳಿನಲ್ಲಿ ಮುಳುಗಿ ನಿಂತಿತು. ನಿಂತ ರಭಸಕ್ಕೆ ಆಕೆ ಮುಂದೆ ಬಿದ್ದು ಮುಂಗೈ ಉಳುಕಿತು, ಬಳೆ ಒಡೆದು ರಕ್ತ ಬಂತು. ಗಾಲಿಗಳು ತಿರುಗಿದಷ್ಟೂ ಮರಳು ನಮ್ಮ ಮೇಲೆಯೇ ಬಂತು. ಎಲ್ಲರೂ ಇಳಿದು ಹಳ್ಳದಲ್ಲಿ ನಿಂತೆವು. ಹುಡುಗ ತನ್ನ ಕರವಸ್ತ್ರದಿಂದ ತಾಯಿಯ ಕೈ ಕಟ್ಟಿದ.

ಆ ಹಳ್ಳದ ಮೇಲೆ ಸ್ವಲ್ಪ ಆಚೆಗೆ ರೈಲಿನ ಸೇತುವೆ ಇತ್ತು. ನಾವು ಹಾಗೆ ನಿಂತಿರುವಾಗ ಸೀಟಿ ಕೇಳಿತು. ವಾಡಿಯಿಂದ ಬಂದ ಪ್ಯಾಸೆಂಜರು ನಮ್ಮ ತಲೆಯ ಮಟ್ಟಕ್ಕಿಂತ ಮೇಲೆ, ಹೊಗೆ ಬಿಡುತ್ತ, ಯಾವ ಅವಸರವೂ ಇಲ್ಲದೆ ಸೇಡಂ ಕಡೆಗೆ ಹೋಯಿತು. ಕಿಟಕಿಯ ಹತ್ತಿರ ಕೂತ ಒಂದು ಮಗು ನಮಗೆ ಕೈ ಬೀಸಿತು. ಆಕೆ ಕೊನೆಯ ಡಬ್ಬಿ ಕಣ್ಮರೆಯಾಗುವ ತನಕ ನೋಡಿ, “ಇದೇ ಅಲ್ಲೇನ್ರಿ ನಾವು ಬರಬೇಕಾಗಿದ್ದ ಗಾಡಿ?” ಎಂದು ಗಂಡನನ್ನು ಕೇಳಿದರು. ತಹಶೀಲದಾರರು ಕೋಲಿನಿಂದ ಮರಳು ಕೆದಕಿದರು.

ಆ ಹೊತ್ತಿಗೆ ದೂರದ ರಸ್ತೆಯಿಂದ ಹಾರ್ನು ಕೇಳಿತು. ನಮ್ಮ ಮನೆಯವರು! ಕೃಷ್ಣೆಯ ನೀರು ಕುಡಿದ ಕಾರು ಮತ್ತೆ ಜೀವ ಹಿಡಿದಿತ್ತು. ರಸ್ತೆ ಬದಿಗೆ ಕಾರು ನಿಲ್ಲಿಸಿ, ಕೋಟು ಟೊಪ್ಪಿಗೆಯೊಂದಿಗೆ ಹೊಲ ತುಳಿದುಕೊಂಡು ಬಂದರು. ಹಳ್ಳದ ದಂಡೆಯ ಮೇಲೆ ನಿಂತು ಕೆಳಗೆ ನೋಡಿದರು. ಬೀಗಿತ್ತಿಯ ಕೈಯ ಮೇಲಿನ ರಕ್ತ ಅವರಿಗೆ ಕಾಣಿಸಿತೋ ಇಲ್ಲವೋ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರ ಮುಖದಲ್ಲಿ ಅಂಥ ಸಂತೋಷ ನೋಡಿರಲಿಲ್ಲ. “ಏನಪಾ ರಾಘು, ನೀ ಹೇಳಿದಲ್ಲಿ ಹೋಗ್ತದಲ್ಲ ಜೀಪು? ಇಲ್ಲಿಗೇ ಬಾ ಅಂತ ಹೇಳಿದ್ದೇನು?” ಎಂದರು. ಆಮೇಲೆ ಬೀಗರಿಗೆ ಕೈ ಮುಗಿದು, “ಬರ್ರಿ ಬರ್ರಿ, ಕಾರು ತಯಾರದ” ಎಂದರು.

ಆಕೆ ಅಲ್ಲಾಡಲಿಲ್ಲ. ಒಬ್ಬರ ನಂತರ ಒಬ್ಬರನ್ನು, ಇಬ್ಬರನ್ನೂ ನೋಡಿ, ಗಂಡನಿಗೆ ಹೇಳಿದರು: “ನಾವು ಹೆಣ್ಣು ನೋಡ್ಲಿಕ್ಕೆ ಬಂದಿದ್ವಿ. ಇವರು ಮೋಟಾರು ತೋರ್ಸಿದ್ರು. ನೋಡಿದ್ದಾತು, ನಡೀರಿ.”

ಹೊಲದವರೊಬ್ಬರ ಎತ್ತಿನ ಬಂಡಿ ಸಿಕ್ಕಿತು. ಹತ್ತಿರದ ಸ್ಟೇಶನ್ನಿಗೆ ಹೋಗಿ ವಾಡಿಯ ಕಡೆಯ ಗಾಡಿ ಹಿಡಿಯುತ್ತೇವೆಂದರು. ನಾನು ಆಕೆಯ ಕಾಲು ಹಿಡಿಯುವುದೊಂದು ಬಾಕಿ. “ಹುಡುಗಿ ಮುಂಜಾನಿಂದ ಕುಂತಾಳ್ರಿ, ಆಕಿದೇನು ತಪ್ಪದ?” ಎಂದೆ. ಅವರ ಕಣ್ಣಲ್ಲೂ ನೀರಿತ್ತು. “ಆಕಿದು ತಪ್ಪು ಅಂತ ನಾ ಅನ್ನಂಗಿಲ್ಲ ತಾಯಿ. ಆದ್ರ ತಂಗಿನ್ನ ನೋಡ್ಲಿಕ್ಕೆ ಬರೋ ದಿನಾನೂ ಇವ್ರಿಗೆ ಇದೇ ಆಟ ಅಂದ್ರ, ನಾಳೆ ಆಕಿಗೆ ಕಷ್ಟ ಬಂದ್ರ ಯಾರು ಬರ್ತಾರ?” ಎಂದರು. ಹುಡುಗ ಬಂಡಿಯ ಹಿಂದೆ ನಡೆಯುತ್ತ ಎರಡು ಸಲ ತಿರುಗಿ ನೋಡಿದ. ಅವನು ಬಂಡಿಯಿಂದ ಬೇರೆಯಾಗಿ ಒಬ್ಬನೇ ಸೇಡಂ ದಾರಿ ಹಿಡಿಯುತ್ತಾನೆಂದು ನಾನು ಕಾದೆ. ಹಾಗೆ ಮಾಡುವ ಹುಡುಗರು ಇರುತ್ತಾರಂತೆ. ಇವನು ಒಳ್ಳೆಯವನು, ಅಂಥವನಲ್ಲ.

ಸಂಜೆಗೆ ನಾವು ಮನೆ ಮುಟ್ಟಿದಾಗ ವಿಮಲಾ ಅದೇ ಹಸಿರು ಸೀರೆಯಲ್ಲಿ ಪಡಸಾಲೆಯಲ್ಲಿ ಕೂತಿದ್ದಳು. ಒಳಗೆ ಶಿರಾ, ಉಪ್ಪಿಟ್ಟು ತಣ್ಣಗಾಗಿದ್ದವು. ಭಾವ ಮೈದುನರು ಚಪ್ಪಲಿ ಬಿಡುವ ಮೊದಲೇ ಹೊಸ್ತಿಲಲ್ಲಿ ಮುಂದುವರಿಸಿದರು. “ಮೊದ್ಲೇ ನನ್ನ ಜೀಪಿನ್ಯಾಗ ಕೂತಿದ್ರ…” “ಕಾರಿನಿಂದ ಇಳಿಸದಿದ್ರ…” ವಿಮಲಾ ಇಬ್ಬರ ಮುಖವನ್ನೂ ನೋಡಿದಳು. ಯಾರೂ ಹೇಳದೆ ಅವಳಿಗೆ ಎಲ್ಲ ತಿಳಿಯಿತು. ಎದ್ದು ಒಳಗೆ ಬಂದು ಮೆಲ್ಲಗೆ, “ವೈನಿ, ಅವ್ರು ಹ್ಯಾಂಗಿದ್ರು?” ಎಂದಳು. “ಛಲೋ ಇದ್ರವ್ವ” ಎಂದೆ. ಸಾಲಿಯ ವಿಷಯ ಅವನು ಕೇಳಿದ್ದನ್ನೂ ಹೇಳಿದೆ. ಹೇಳದಿದ್ದರೇ ಒಳ್ಳೆಯದಿತ್ತೇನೋ. ಅವಳು ಶಿರಾದ ಬೋಗುಣಿ ಎತ್ತಿಕೊಂಡು ಹೊರಗೆ ಹೋಗಿ, ಇಬ್ಬರಿಗೂ ತಾಟು ತುಂಬ ಬಡಿಸಿದಳು. ಅವರು ಹಸಿದಿದ್ದರು. ಹೋಲಿಕೆ ನಡೆಸುತ್ತಲೇ ತಿಂದು ಮುಗಿಸಿದರು. “ದ್ರಾಕ್ಷಿ ಸ್ವಲ್ಪ ಕಡಿಮಿ ಆಗ್ಯಾವ” ಎಂದ ನನ್ನ ತಮ್ಮ.

ರಾಯಚೂರಿನಿಂದ ಮತ್ತೆ ಮಾತು ಬರಲಿಲ್ಲ. ನಮ್ಮ ಜನ ಬಾಯಿಗೆ ಬೀಗ ಹಾಕಿಕೊಂಡವರಲ್ಲ. ‘ಸೇಡಂ ವಕೀಲರ ಮನಿ ಏನು? ತಂಬಿಗಿ ನೀರು ಮೋಟಾರಿಗೆ ಹಾಕಿದವ್ರು?’ ಎಂದು ಎಲ್ಲ ಮಠಗಳ ಪಂಕ್ತಿಯಲ್ಲೂ ಸುದ್ದಿಯಾಯಿತು. ಮೊದಲು ಕುಜನೊಬ್ಬ ಅಡ್ಡವಿದ್ದ; ಈಗ ಅವನ ಜೊತೆಗೆ ಒಂದು ಕಾರು, ಒಂದು ಜೀಪು. ವಿಮಲಾಗೆ ಚಿತ್ತಾಪುರದ ಹೆಣ್ಣುಮಕ್ಕಳ ಸಾಲಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಮಾಡಿಕೊಂಡು ಉಳಿದಳು. ವಾರಕ್ಕೊಮ್ಮೆ ಅದೇ ಪ್ಯಾಸೆಂಜರಿನಲ್ಲಿ ಬಂದು ಹೋಗುತ್ತಿದ್ದಳು. ಅಣ್ಣ ಎಷ್ಟು ಸಲ ‘ಕಾರಿನ್ಯಾಗ ಬಿಟ್ಟು ಬರ್ತೀನಿ’ ಎಂದರೂ ಅವಳು ಹತ್ತಲಿಲ್ಲ. ಅವಳ ಕೂದಲು ನಮ್ಮ ಕಣ್ಣೆದುರೇ ಬೆಳ್ಳಗಾಯಿತು. ಮುಂದೆ ಕಾರು ಗಾಲಿ ಕಳಚಿಕೊಂಡು ಗುಜರಿಗೆ ಹೋಯಿತು, ಜೀಪು ಶಹಾಬಾದಿನ ಯಾವುದೋ ಕಲ್ಲಿನ ಖಣಿಗೆ ಹೋಗಿ ಅಲ್ಲೇ ಸತ್ತಿತು. ರಾಜ್ಯದ ಹೆಸರು ಬದಲಾಯಿತು. ಜಗಳ ಮಾತ್ರ ಹಾಗೇ ಉಳಿಯಿತು. ಇಲ್ಲದ ಗಾಡಿಗಳು ಇದ್ದ ಗಾಡಿಗಳಿಗಿಂತ ಚೆನ್ನಾಗಿ ಓಡುತ್ತವೆ ಎಂಬುದು ನನಗೆ ಆಗ ಗೊತ್ತಾಯಿತು.

ಈಚಿನ ಒಂದು ಭಾನುವಾರದ ಮಾತು. ರಾಘು ಬಸ್ಸಿನಲ್ಲಿ ಬಂದಿದ್ದ. ಇಬ್ಬರು ಮುದುಕರೂ ಪಡಸಾಲೆಯಲ್ಲಿ ಕೂತಿದ್ದರು. ವಿಮಲಾ ಕಂಬಕ್ಕೆ ಒರಗಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. “ಆ ದಿನಾ ನೀ ಧೂಳ ಎಬ್ಬಿಸದಿದ್ರ…” ಎಂದು ನಮ್ಮ ಮನೆಯವರು ಶುರು ಮಾಡಿದರು. ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಅದನ್ನು ನೆಲಕ್ಕೆ ಕುಕ್ಕಿದೆ. “ಬಾಯಿ ಮುಚ್ಚರಿ ಇಬ್ಬರೂ! ಎರಡು ತಗಡಿನ ಡಬ್ಬಿ ಸಲುವಾಗಿ ಹುಡುಗಿ ಬಾಳೇವು ಮಣ್ಣು ಮಾಡಿದ್ರಿ. ಆಕಿ ಎದುರಿಗೇ ಕುಂತು ಇನ್ನೂ ಅದನ್ನೇ ತೆಗೀತೀರಲ್ಲ, ನಾಚಿಗಿ ಬರಂಗಿಲ್ಲೇನು?” ಎಂದೆ. ಅಷ್ಟು ವರ್ಷಗಳದ್ದೆಲ್ಲ ಒಂದೇ ಉಸಿರಿನಲ್ಲಿ ಬಂತು. ವಿಮಲಾ ತಲೆ ಎತ್ತಲಿಲ್ಲ, ಆದರೆ ಅವಳ ಕೆಂಪು ಪೆನ್ನು ನಿಂತಿತ್ತು. ಇಬ್ಬರೂ ತಲೆ ತಗ್ಗಿಸಿದರು.

ಆಮೇಲೆ ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು, ಬಹಳ ಮೆತ್ತಗೆ, “ಖರೇ ಅದ. ನೀ ಅನ್ನೋದು ನಾ ಒಪ್ತೀನಿ. ಆದ್ರ ಒಂದು ಮಾತು. ಎರಡರಾಗೂ ಕೂತಾಕಿ ನೀ ಒಬ್ಬಾಕಿನೇ. ನೀನೇ ಹೇಳಿಬಿಡು, ಯಾವುದು ಛಲೋ ಇತ್ತು?” ಎಂದರು. “ಹೌದಕ್ಕಾ, ನೀ ಹೇಳಿದ್ದು ಇಬ್ಬರೂ ಕೇಳ್ತೀವಿ” ಎಂದು ರಾಘು ಹತ್ತಿರ ಸರಿದ.

ಎರಡಕ್ಕೂ ಬೆಂಕಿ ಹಚ್ಚರಿ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಇಬ್ಬರು ಗಂಡಸರು ನನ್ನ ಬಾಯಿಯನ್ನೇ ನೋಡುತ್ತಿದ್ದರು. “ಕುಂದ್ರಾಕ ಅಂದ್ರ ಕಾರೇ, ಅದಕ್ಕ ಎರಡು ಮಾತಿಲ್ಲ” ಎಂದೆ. ನಮ್ಮ ಮನೆಯವರು ತೊಡೆ ತಟ್ಟಿದರು. “ತಡೀರಿ, ಮುಗಸ್ಲಿ ನಾ. ಆದ್ರ ಏರಿ ಹತ್ತೋದು ಅಂದ್ರ ಜೀಪು. ಮತ್ತ ಬಿಸಲಿಗೆ…” ನಾನು ಕೂತುಕೊಂಡೆ. ಬಾಗಿಲಿನದು ಹೇಳಿದೆ, ಗಾಜಿನದು ಹೇಳಿದೆ, ಮಳೆಗಾಲ ಬೇಸಿಗೆ ಬೇರೆ ಬೇರೆ ಮಾಡಿ ಹೇಳಿದೆ. ನನಗೇ ಇಷ್ಟೆಲ್ಲ ಗೊತ್ತಿದೆಯೆಂದು ಗೊತ್ತಿರಲಿಲ್ಲ. ಯಾವಾಗಲೋ ವಿಮಲಾ ಪೇಪರು ಕಟ್ಟಿ ಚೀಲಕ್ಕೆ ಹಾಕಿಕೊಂಡು ಎದ್ದಳು. “ವೈನಿ, ನನ್ನ ಗಾಡಿ ಹೊತ್ತಾತು. ಬರ್ತೀನಿ” ಎಂದಳು. ಪ್ರತಿ ವಾರ ನಾನು ಅವಳ ಜೊತೆ ಟಾಂಗಾ ನಿಲ್ಲುವ ಮೂಲೆಯ ತನಕ ಹೋಗುತ್ತಿದ್ದೆ. ಅಂದು ಕೂತಲ್ಲಿಂದಲೇ ‘ಹೂಂ’ ಎಂದೆ. ನಾನಿನ್ನೂ ಜೀಪಿನ ಹಿಂದಿನ ಬೆಂಚಿಗೆ ಬಂದಿದ್ದೆ ಅಷ್ಟೆ.